ಅಂಕ ಎಣಿಸುವವರು ಯಾರು?

(ಮನೋಳಿಯಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾವು ಮಾತನಾಡಲಿರುವ ವಿಷಯಕ್ಕೆ ಇಂಗ್ಲಿಷಿನಲ್ಲಿ ಗೇಮಿಫಿಕೇಶನ್ ಎಂಬ ಹೆಸರಿದೆ. ಆಟವಲ್ಲದ ಕೆಲಸಕ್ಕೆ ಆಟದ ವೇಷ ತೊಡಿಸುವುದು ಎಂದು ಅದರ ಅರ್ಥ. ಹಣ ಕಳುಹಿಸಿದರೆ ಉಜ್ಜಿ ನೋಡುವ ಕಾರ್ಡು, ಇಂತಿಷ್ಟು ಆರ್ಡರ್ ಮುಟ್ಟಿಸಿದರೆ ಬೋನಸ್, ದಿನ ತಪ್ಪದೆ ಪಾಠ ಓದಿದರೆ ಪದಕ, ಗೆಳತಿಗೆ ದಿನ ತಪ್ಪದೆ ಚಿತ್ರ ಕಳುಹಿಸಿದರೆ ಹೆಸರಿನ ಪಕ್ಕದಲ್ಲೊಂದು ಬೆಂಕಿಯ ಗುರುತು... ಹೆಸರು ನಮಗೆ ಹೊಸದಿರಬಹುದು, ವಸ್ತು ಮಾತ್ರ ನಮ್ಮ ಮನೆಯೊಳಗೆ ಬಂದು ಕುಳಿತು ಬಹಳ ಕಾಲವಾಯಿತು. ಮಲಪ್ರಭೆಯ ದಂಡೆಯ ಈ ಊರಿಗೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಾರರು. ಇಲ್ಲಿ ಕುಳಿತಿರುವವರ ಪೈಕಿ ಜೇಬಿನಲ್ಲಿ ಮೊಬೈಲ್ ಇಲ್ಲದವರು ಎಷ್ಟು ಮಂದಿ?

ಹತ್ತಿ ಬೆಳೆಯುವ ಈ ಸೀಮೆಯವರಿಗೆ ಈ ವಿದ್ಯೆಯ ಹಳೆಯ ರೂಪವೊಂದು ಚೆನ್ನಾಗಿಯೇ ಗೊತ್ತು. ಓ.ಸಿ. ಎಂಬ ಎರಡು ಅಕ್ಷರಗಳನ್ನು ಕೇಳದವರು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಯಾರಿದ್ದಾರೆ? ಓಪನ್, ಕ್ಲೋಸ್ ಎಂಬ ಪದಗಳ ಮೊದಲಕ್ಷರಗಳು ಅವು. ನ್ಯೂಯಾರ್ಕಿನ ಹತ್ತಿಪೇಟೆ ತೆರೆದಾಗಿನ ದರ ಮತ್ತು ಮುಚ್ಚಿದಾಗಿನ ದರ ತಂತಿಯ ಮೂಲಕ ಮುಂಬಯಿಗೆ ಬರುತ್ತಿತ್ತು. ಆ ಅಂಕಿಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ನ್ಯೂಯಾರ್ಕಿನಿಂದ ದರ ಬರುವುದು ನಿಂತಿತು. ಜೂಜು ನಿಂತಿತೇ? ಇಲ್ಲ. ಮಡಕೆಯೊಳಗೆ ಚೀಟಿ ಹಾಕಿ ಅಂಕಿ ಎತ್ತುವುದು ಆರಂಭವಾಯಿತು. ಮಟಕಾ ಎಂಬ ಹೆಸರು ಬಂದದ್ದೇ ಆ ಮಡಕೆಯಿಂದ. ಹತ್ತಿಯೂ ಹೋಯಿತು, ದರವೂ ಹೋಯಿತು, ಅಂಕಿ ಮಾತ್ರ ಉಳಿಯಿತು. ಬಿತ್ತಿದವನ, ಕಳೆ ತೆಗೆದವಳ, ಬಿಸಿಲಲ್ಲಿ ಬಾಗಿ ಹತ್ತಿ ಬಿಡಿಸಿದವಳ ಬೆವರಿಗೂ ಆ ಅಂಕಿಗೂ ಯಾವ ಸಂಬಂಧವೂ ಉಳಿಯಲಿಲ್ಲ. ಬದುಕಿನ ವ್ಯವಹಾರವೊಂದನ್ನು ಅಂಕಿಯನ್ನಾಗಿ ಮಾಡುವುದು, ಆ ಅಂಕಿಯ ಹಿಂದೆ ಜನರನ್ನು ಓಡಿಸುವುದು, ವ್ಯವಹಾರವೇ ಮರೆತುಹೋದರೂ ಓಟ ನಿಲ್ಲದಂತೆ ನೋಡಿಕೊಳ್ಳುವುದು — ಹೊಸ ಕಾಲದ ಕಂಪೆನಿಗಳು ಮಾಡುತ್ತಿರುವುದೂ ಇದನ್ನೇ.

ಇಸ್ಲಾಮ್ ಆಟದ ವೈರಿಯಲ್ಲ. ಈ ಮಾತನ್ನು ಮೊದಲೇ ಹೇಳಬೇಕಾಗಿದೆ; ಏಕೆಂದರೆ ನಮ್ಮ ಕೆಲವು ಮನೆಗಳಲ್ಲಿ ಮಕ್ಕಳು ನಕ್ಕರೂ ಗದರಿಸುವ ಹಿರಿಯರಿದ್ದಾರೆ. ಪ್ರವಾದಿ(ಸ) ಪತ್ನಿ ಆಇಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದರು. ಮೊದಲ ಬಾರಿ ಆಇಶಾ(ರ) ಗೆದ್ದರು. ಮುಂದೊಮ್ಮೆ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇಂದು ಸರಿಹೋಯಿತು ಎಂದರು. ಕುದುರೆಗಳ ಓಟ ನಡೆಸಿದರು, ಬಾಣ ಪ್ರಯೋಗವನ್ನು ಪ್ರೋತ್ಸಾಹಿಸಿದರು, ಅಂಥ ಸ್ಪರ್ಧೆಗಳಿಗೆ ಬಹುಮಾನವಿಡಲು ಅನುಮತಿಯನ್ನೂ ಕೊಟ್ಟರು. ನಮ್ಮ ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಹಿಂದೂ ಮುಸ್ಲಿಮ್ ಯುವಕರು ಒಂದೇ ಮಣ್ಣಿನಲ್ಲಿ ಹೊರಳಾಡಿದ್ದಾರೆ. ಗೆದ್ದವನಿಗೂ ಸೋತವನಿಗೂ ಮೈಗೆ ಬಲ ಬಂದಿದೆ.

ಆಟ ಬೇರೆ, ಮೈಸಿರ್ ಬೇರೆ. ಪವಿತ್ರ ಕುರ್‌ಆನಿನ 5ನೇ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಮದ್ಯದ ಜೊತೆಗೆ ನಿಷೇಧಿಸಿದ್ದು ಈ ಮೈಸಿರನ್ನು. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಅಜ್ಞಾನ ಕಾಲದ ಅರಬರು ಒಂಟೆ ಕಡಿದು, ಬಾಣಗಳನ್ನು ಎತ್ತಿ ಪಾಲು ಹಾಕುತ್ತಿದ್ದರು. ಗೆದ್ದ ಮಾಂಸವನ್ನು ಹಲವರು ಬಡವರಿಗೆ ಹಂಚುತ್ತಿದ್ದರು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅಂದರೆ ಅಂದಿನ ಜೂಜಿಗೂ ಔದಾರ್ಯದ ಅಂಗಿ ಇತ್ತು. 2ನೇ ಅಧ್ಯಾಯದ 219ನೇ ಸೂಕ್ತ ಅದರಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಕೆಡುಕಿನ ಪಾಲು ಅದಕ್ಕಿಂತ ದೊಡ್ಡದು ಎನ್ನುತ್ತದೆ. ಇಂದಿನ ಕಂಪೆನಿಗಳೂ ಇದೇ ಅಂಗಿ ತೊಟ್ಟಿವೆ. ಇದು ಅದೃಷ್ಟವಲ್ಲ ಕೌಶಲ, ಸರಕಾರಕ್ಕೆ ತೆರಿಗೆ, ಯುವಕರಿಗೆ ಉದ್ಯೋಗ... ಪ್ರಯೋಜನಗಳ ಪಟ್ಟಿ ಉದ್ದವಾಗಿದೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಕತೆ ನಿಮಗೆ ಗೊತ್ತಿರುವುದೇ. 2007ರಲ್ಲಿ ಲಾಟರಿಗೆ ಬಾಗಿಲು ಮುಚ್ಚಿದ ಕರ್ನಾಟಕ, 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಮೂರು ವರ್ಷಗಳ ಬಳಿಕ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಆಗ ಸರಕಾರವೇ ಕೊಟ್ಟ ಅಂದಾಜು. ದೊಡ್ಡ ಕಂಪೆನಿಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು, ಕೆಲವು ನ್ಯಾಯಾಲಯದ ಮೆಟ್ಟಿಲೇರಿದವು. ಕ್ರಿಕೆಟಿಗರ ಅಂಗಿಯ ಮೇಲೆ ಜಾಹೀರಾತು ಮುದ್ರಿಸಿದವರು ಇಷ್ಟು ವರ್ಷ ಎಷ್ಟು ಮನೆಗಳ ದೀಪ ಆರಿಸಿದರು ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ.

ಆದರೆ ಇಂದು ನಮ್ಮ ಮಾತು ಹಣ ಕಟ್ಟಿ ಆಡುವವರ ಬಗೆಗಲ್ಲ. ಹಣ ಕಟ್ಟದೆಯೇ, ತಾನು ಆಡುತ್ತಿದ್ದೇನೆ ಎಂಬ ಅರಿವೂ ಇಲ್ಲದೆಯೇ ಆಡುತ್ತಿರುವವರ ಬಗ್ಗೆ. ಅವರನ್ನು ಯಾವ ಕಾನೂನೂ ಆಟಗಾರರೆಂದು ಕರೆಯುವುದಿಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕಂಪೆನಿ ನಮ್ಮ ದೇಶದಲ್ಲಿ ತೇಜ್ ಎಂಬ ಆ್ಯಪ್ ತಂದಿತು. ಮುಂದೆ ಅದೇ ಗೂಗಲ್ ಪೇ ಆಯಿತು. ಹಣ ಕಳುಹಿಸಿದವರಿಗೆ ಉಜ್ಜಿ ನೋಡುವ ಕಾರ್ಡು ಸಿಗುತ್ತಿತ್ತು. ಒಮ್ಮೆ ಕೆಲವು ರೂಪಾಯಿ, ಬಹಳ ಸಲ ಬರಿಗೈ. 2019ರ ದೀಪಾವಳಿಯಲ್ಲಿ ದೀಪ, ಹೂವು, ರಂಗೋಲಿ ಮೊದಲಾದ ಚೀಟಿಗಳನ್ನು ಕೂಡಿಸಿದವರಿಗೆ 251 ರೂಪಾಯಿ ಎಂದಿತು. ರಂಗೋಲಿಯ ಚೀಟಿಗಾಗಿ ದೇಶವೇ ಹುಡುಕಾಡಿತು. ಬೇಡದ ವ್ಯವಹಾರಗಳನ್ನೂ ಜನ ಮಾಡಿದರು. ಬಹುಮಾನ ಯೋಜನೆಗಳನ್ನು ನಿಷೇಧಿಸುವ 1979ರ ಕಾಯ್ದೆ ತಮಿಳುನಾಡಿನಲ್ಲಿ ಇರುವುದರಿಂದ ಅಲ್ಲಿಯವರಿಗೆ ಆ ಭಾಗ್ಯವಿರಲಿಲ್ಲ. ಕಾರ್ಡು ಉಜ್ಜುವುದು ಜೂಜೇ ಅಲ್ಲವೇ ಎಂದು ಫತ್ವಾ ಕೊಡುವುದು ನಮ್ಮ ಕೆಲಸವಲ್ಲ, ಅದನ್ನು ಉಲಮಾಗಳಿಗೆ ಬಿಡೋಣ. ನಾವು ನೋಡಬೇಕಾದುದು ಬೆರಳಿಗೆ ಅಂಟುವ ಅಭ್ಯಾಸವನ್ನು. ಪ್ರತಿ ಬಾರಿ ಕಾಳು ಸಿಗುವ ಪಾರಿವಾಳಕ್ಕಿಂತ, ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಪಾರಿವಾಳ ಹೆಚ್ಚು ಹಟದಿಂದ ಗುಂಡಿಯನ್ನು ಕುಕ್ಕುತ್ತಲೇ ಇರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ 1950ರ ದಶಕದಲ್ಲೇ ತೋರಿಸಿದ್ದರು. ಸಮಸ್ಯೆ ಎಂದರೆ, ಈಗ ಆ ಗುಂಡಿ ನಮ್ಮ ಮಕ್ಕಳ ಕೈಯಲ್ಲಿದೆ.

ಇಷ್ಟು ಹಗುರವಾಗಿ ಹೇಳಿ ಮುಗಿಸಲಾಗದ ಜಾಗವೊಂದಿದೆ, ದುಡಿಮೆಯ ಜಾಗ. ಈ ಸೀಮೆಯಿಂದ ಹುಬ್ಬಳ್ಳಿಗೆ, ಬೆಳಗಾವಿಗೆ, ಬೆಂಗಳೂರಿಗೆ, ಪುಣೆಗೆ ಹೋಗಿ ಬೈಕಿನ ಮೇಲೆ ಊಟ, ದಿನಸಿ ಮುಟ್ಟಿಸುವ ಹುಡುಗರು ನಮ್ಮ ಮನೆಗಳವರೇ. ದೇಶದಲ್ಲಿ 2020-21ರಲ್ಲಿ ಇಂಥ ಗಿಗ್ ಕಾರ್ಮಿಕರು 77 ಲಕ್ಷ ಮಂದಿ ಇದ್ದರೆಂದೂ 2029-30ಕ್ಕೆ 2.35 ಕೋಟಿಗೇರುವರೆಂದೂ ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜಿಸಿತ್ತು. ಇವರಿಗೆ ಮೇಲಧಿಕಾರಿಯಿಲ್ಲ, ಪರದೆಯಿದೆ. ಪರದೆಯ ಮೇಲೆ ಗುರಿ, ನಕ್ಷತ್ರ, ದರ್ಜೆ, ಬೋನಸ್. ಇಷ್ಟು ಆರ್ಡರ್ ಆದರೆ ಇಷ್ಟು ಹೆಚ್ಚುವರಿ. ಒಂದು ಕಡಿಮೆಯಾದರೂ ಆ ಹೆಚ್ಚುವರಿ ಇಲ್ಲ. ಉಬರ್ ಕಂಪೆನಿ ತನ್ನ ಚಾಲಕರ ಮೇಲೆ ಪ್ರಯೋಗಿಸುತ್ತಿದ್ದ ಉಪಾಯವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2017ರ ಏಪ್ರಿಲ್‌ನಲ್ಲಿ ಬಯಲಿಗಿಟ್ಟಿತ್ತು. ಚಾಲಕ ದಣಿದು ಆ್ಯಪ್ ಮುಚ್ಚಹೊರಟಾಗ, ನಿಮ್ಮ ಗುರಿಗೆ ಇನ್ನು ಕೆಲವೇ ಡಾಲರ್ ಬಾಕಿ ಇದೆ ಎಂಬ ಸೂಚನೆ ಮೂಡುತ್ತಿತ್ತು. ಆ ಗುರಿ ಚಾಲಕ ಇಟ್ಟುಕೊಂಡದ್ದಲ್ಲ, ಕಂಪೆನಿಯ ಯಂತ್ರ ಇಟ್ಟದ್ದು. ಅದಕ್ಕೂ ಮೊದಲು, 2011ರಲ್ಲಿ, ಅಮೆರಿಕದ ಡಿಸ್ನಿಲ್ಯಾಂಡಿನ ಹೊಟೇಲುಗಳ ಬಟ್ಟೆ ಒಗೆಯುವ ವಿಭಾಗದಲ್ಲಿ ಗೋಡೆಗೆ ಪರದೆ ಹಾಕಿ, ಪ್ರತಿ ಕಾರ್ಮಿಕರ ಹೆಸರಿನ ಮುಂದೆ ವೇಗ ತೋರಿಸಲಾಗುತ್ತಿತ್ತು. ಹಿಂದೆ ಬಿದ್ದವರ ಹೆಸರು ಕೆಂಪು. ಕಾರ್ಮಿಕರು ಅದನ್ನು ವಿದ್ಯುತ್ ಚಾಟಿ ಎಂದು ಕರೆದರು. ಶೌಚಾಲಯಕ್ಕೆ ಹೋಗಲೂ ಹಿಂಜರಿಯುವಂತಾಯಿತು ಎಂದು ದೂರಿದರು. ಎತ್ತಿನ ಬೆನ್ನಿಗೆ ಬಾರುಕೋಲು ಬೀಳುವಾಗ ಎತ್ತಿಗೆ ನೋವಾದರೂ ಗೊತ್ತಾಗುತ್ತದೆ. ಇದು ಬೆನ್ನಿಗೆ ಬೀಳುವುದಿಲ್ಲ, ಮನಸ್ಸಿಗೆ ಬೀಳುತ್ತದೆ. ಬಿದ್ದವನು ಅದನ್ನು ಸ್ಪರ್ಧೆಯೆಂದು ಭಾವಿಸಿ ಇನ್ನಷ್ಟು ಓಡುತ್ತಾನೆ.

ಕಾರ್ಮಿಕನ ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಎಂಬ ಪ್ರವಾದಿವಚನವನ್ನು ನಾವು ಕಾರ್ಮಿಕ ದಿನದಂದು ತಪ್ಪದೆ ನೆನಪಿಸುತ್ತೇವೆ. ಕೂಲಿ ಎಷ್ಟೆಂದು ಮೊದಲೇ ತಿಳಿದಿರಬೇಕು ಎಂಬ ಕರ್ಮಶಾಸ್ತ್ರದ ನಿಯಮವನ್ನು ಅಷ್ಟಾಗಿ ನೆನಪಿಸುವುದಿಲ್ಲ. ಈ ದಿನ ಒಂದು ದರ, ನಾಳೆ ಇನ್ನೊಂದು, ಏಕೆ ಬದಲಾಯಿತೆಂದು ಕೇಳಲು ಎದುರಿಗೆ ಮನುಷ್ಯನೇ ಇಲ್ಲ. ಇಂಥ ವ್ಯವಸ್ಥೆಗೆ ಆಟದ ಬಣ್ಣ ಬಳಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಕರ್ನಾಟಕ ಸರಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆ ಈ ದಿಸೆಯಲ್ಲಿ ಒಂದು ಹೆಜ್ಜೆ. ಕಾರ್ಮಿಕರ ಕ್ಷೇಮನಿಧಿಗೆ ಪ್ರತಿ ವ್ಯವಹಾರದ ಪಾವತಿಯಿಂದ ಶೇ. 1ರಿಂದ 5ರ ವರೆಗೆ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸು, ಯಂತ್ರದ ತೀರ್ಮಾನಗಳು ಯಾವ ಆಧಾರದಲ್ಲಿ ಆಗುತ್ತವೆ ಎಂಬುದನ್ನು ಕಾರ್ಮಿಕನಿಗೆ ತಿಳಿಸುವ ಹೊಣೆ — ಇವು ಅದರಲ್ಲಿವೆ. ಕೊನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಆಟದ ನಿಯಮ ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಅದು ಆಟವೇ ಅಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯುವಕರು ಇದನ್ನು ನಮ್ಮಲ್ಲಿ ಕೇಳಿಯೂ ಇದ್ದಾರೆ. ಧರ್ಮವೂ ಪುಣ್ಯದ ಲೆಕ್ಕ ಹೇಳುವುದಿಲ್ಲವೇ? ಒಂದು ಒಳಿತಿಗೆ ಹತ್ತು ಪಟ್ಟು ಪ್ರತಿಫಲ, ಒಂದು ಕಾಳಿನಿಂದ ಏಳು ತೆನೆ, ಪ್ರತಿ ತೆನೆಯಲ್ಲಿ ನೂರು ಕಾಳು ಎಂಬ ಹೋಲಿಕೆ ಕುರ್‌ಆನಿನಲ್ಲೇ ಇದೆಯಲ್ಲ? ಹಾಗಾದರೆ ಆ್ಯಪ್ ಅಂಕ ಕೊಟ್ಟರೆ ತಪ್ಪೇನು?

ಪ್ರಶ್ನೆ ನ್ಯಾಯವಾದದ್ದು. ಅದನ್ನು ಗದರಿಸಿ ಬಾಯಿ ಮುಚ್ಚಿಸಬಾರದು. ಮೊದಲನೆಯದಾಗಿ, ಆ ಲೆಕ್ಕ ಯಾರಿಗೂ ಕಾಣುವುದಿಲ್ಲ. ಪಕ್ಕದ ಸಾಲಿನಲ್ಲಿ ನಿಂತವನ ನಮಾಝ್ ಸ್ವೀಕೃತವಾಯಿತೋ ನನ್ನದೋ ಎಂದು ತೋರಿಸುವ ಫಲಕ ಯಾವ ಮಸೀದಿಯ ಗೋಡೆಯ ಮೇಲೂ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಿದವನಿಗೆ ಅರ್ಶಿನ ನೆರಳನ್ನು ವಾಗ್ದಾನ ಮಾಡಿದ ಧರ್ಮ ಇದು. ಎರಡನೆಯದು ಇನ್ನೂ ದೊಡ್ಡ ವ್ಯತ್ಯಾಸ. ಬುಖಾರಿಯಲ್ಲಿ ವರದಿಯಾಗಿರುವ ಒಂದು ಹದೀಸಿನ ಪ್ರಕಾರ, ದಾಸನು ರೋಗಿಯಾದಾಗ ಅಥವಾ ಪ್ರಯಾಣದಲ್ಲಿದ್ದಾಗ, ಆರೋಗ್ಯದಲ್ಲಿ, ಊರಿನಲ್ಲಿ ಇದ್ದಾಗ ಅವನು ಮಾಡುತ್ತಿದ್ದ ಸತ್ಕರ್ಮಗಳೇ ಅವನ ಲೆಕ್ಕಕ್ಕೆ ಬರೆಯಲ್ಪಡುತ್ತವೆ. ಜ್ವರ ಬಂದು ಮಲಗಿದವನ ಖಾತೆ ನಿಲ್ಲುವುದಿಲ್ಲ. ಇನ್ನು ಮೊಬೈಲಿನ ಲೆಕ್ಕವನ್ನು ನೋಡಿ. ನೂರು ದಿನ ತಪ್ಪದೆ ಮಾಡಿದವಳು ನೂರೊಂದನೆಯ ದಿನ ಜ್ವರದಲ್ಲಿ ಮಲಗಿದರೆ ಎಣಿಕೆ ಸೊನ್ನೆಗೆ ಬೀಳುತ್ತದೆ. ಡೆಲಿವರಿಯ ಹುಡುಗ ವಾರದ ಕೊನೆಯ ದಿನ ಬೈಕಿನಿಂದ ಬಿದ್ದರೆ ವಾರದ ಬೋನಸ್ಸೇ ಹೋಗುತ್ತದೆ. ಒಂದು ಲೆಕ್ಕ ಬಿದ್ದವನ ಪಾಲನ್ನು ಕಾಯ್ದಿರಿಸುತ್ತದೆ, ಇನ್ನೊಂದು ಬೀಳುವ ಭಯವನ್ನೇ ಬಂಡವಾಳ ಮಾಡಿಕೊಳ್ಳುತ್ತದೆ. ಎರಡರಲ್ಲೂ ಅಂಕಿಗಳಿವೆ ಎಂದ ಮಾತ್ರಕ್ಕೆ ಎರಡೂ ಒಂದೇ ಆದಾವೇ?

ಮನುಷ್ಯರು ಕಟ್ಟಿದ ವ್ಯವಸ್ಥೆಯಲ್ಲೂ ಮೊದಲನೆಯ ಬಗೆಯ ಲೆಕ್ಕ ಸಾಧ್ಯವಿದೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳ ನಲಿ-ಕಲಿಯನ್ನೇ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಅಲ್ಲಿ ಕಲಿಕೆಗೆ ಏಣಿಯಿದೆ, ಮೈಲಿಗಲ್ಲುಗಳಿವೆ, ಕಾರ್ಡುಗಳಿವೆ, ಹಾಡು ಆಟಗಳಿವೆ. ಹತ್ತಿ ಬಿಡಿಸುವ ಕಾಲಕ್ಕೋ ಕಬ್ಬು ಕಡಿಯುವ ಕಾಲಕ್ಕೋ ತಂದೆತಾಯಿಯೊಂದಿಗೆ ಹೋಗಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಅದರ ಮೆಟ್ಟಿಲನ್ನು ಯಾರೂ ಕಿತ್ತಿರುವುದಿಲ್ಲ. ಆ ಪದ್ಧತಿಗೂ ಕೊರತೆಗಳಿವೆ, ಶಿಕ್ಷಕರನ್ನು ಕೇಳಿದರೆ ಹೇಳುತ್ತಾರೆ. ಆದರೂ ಮಗುವಿಗಾಗಿ ಮಾಡಿದ ಆಟ ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಆರಾಧನೆಯ ಆ್ಯಪ್‌ಗಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ರಮಝಾನಿನಲ್ಲಿ ಎಷ್ಟು ಪುಟ ಓದಿದಿರಿ, ಎಷ್ಟು ಝಿಕ್ರ್ ಆಯಿತು ಎಂದು ಎಣಿಸಿ ಪದಕ ಕೊಡುವ, ಗೆಳೆಯರ ಪಟ್ಟಿಯಲ್ಲಿ ನಿಮ್ಮ ಸ್ಥಾನ ತೋರಿಸುವ ಆ್ಯಪ್‌ಗಳಿವೆ. ಮಕ್ಕಳಿಗೆ ಅಭ್ಯಾಸ ಹಿಡಿಸಲು ಸ್ವಲ್ಪ ಕಾಲ ನೆರವಾದಾವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತೋರಿಕೆಯನ್ನು ಸಣ್ಣ ಶಿರ್ಕ್ ಎಂದು ಎಚ್ಚರಿಸಿದ ಪ್ರವಾದಿಯ(ಸ) ಅನುಯಾಯಿಗಳು ತಿಲಾವತ್ತಿನ ಪರದೆಚಿತ್ರ ತೆಗೆದು ಸ್ಟೇಟಸ್ ಹಾಕುವುದನ್ನು ನೋಡಿದಾಗ ಸಂಕಟವಾಗುತ್ತದೆ. ಜೊತೆಗೆ ಈ ಲೆಕ್ಕದ ಪುಸ್ತಕ ಯಾರ ಬಳಿಯಿದೆ ಎಂಬ ಪ್ರಶ್ನೆಯೂ ಇದೆ. ನಮಾಝ್ ವೇಳೆ ಮತ್ತು ಕಿಬ್ಲಾ ತೋರಿಸುವ, 9 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿದ್ದ ಮುಸ್ಲಿಮ್ ಪ್ರೊ ಎಂಬ ಆ್ಯಪ್ ತನ್ನ ಬಳಕೆದಾರರು ಇರುವ ಜಾಗದ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ಕಂಪೆನಿಗೆ ಕೊಡುತ್ತಿದೆ, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದಾರೆ ಎಂದು 2020ರ ನವೆಂಬರ್‌ನಲ್ಲಿ ವೈಸ್ ಮಾಧ್ಯಮ ಸಂಸ್ಥೆ ವರದಿ ಮಾಡಿತು. ವರದಿ ಹೊರಬಿದ್ದ ಬಳಿಕ ಆ್ಯಪಿನವರು ಆ ಸಂಬಂಧ ಕಡಿದುಕೊಂಡಿದ್ದೇವೆ ಎಂದರು. ಮುಸಲ್ಲಾ ಹಾಸಿದ ಜಾಗವೂ ಮಾರಾಟದ ಸರಕಾಗುವ ಕಾಲವಿದು.

ಆಟದ ವೇಷಕ್ಕೆ ಇನ್ನೂ ಭಯಾನಕವಾದ ಒಂದು ಶಕ್ತಿಯಿದೆ. ಅದು ಎದುರಿಗಿರುವವರು ಮನುಷ್ಯರೆಂಬುದನ್ನು ಮರೆಸುತ್ತದೆ. 2022ರ ಜನವರಿ 1ರಂದು ನಮ್ಮ ಎಷ್ಟೋ ಸಹೋದರಿಯರು ಹೊಸ ವರ್ಷದ ಬೆಳಿಗ್ಗೆ ಮೊಬೈಲಿನಲ್ಲಿ ತಮ್ಮದೇ ಚಿತ್ರವನ್ನು ಹರಾಜಿಗಿಟ್ಟದ್ದನ್ನು ಕಂಡರು. ಬುಲ್ಲಿ ಬಾಯಿ ಎಂಬ ಆ್ಯಪ್ ಅದು. ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರು, ಪತ್ರಕರ್ತೆಯರು, ಹೋರಾಟಗಾರ್ತಿಯರು ಅದರಲ್ಲಿದ್ದರು. 2021ರ ಜುಲೈಯಲ್ಲಿ ಇನ್ನೊಂದು ಹೆಸರಿನಲ್ಲಿ ಇದೇ ದುಷ್ಕೃತ್ಯ ನಡೆದಿತ್ತು. ಆಗ ತ್ವರಿತ ಕ್ರಮವಾಗಿದ್ದರೆ ಎರಡನೆಯದು ಬರುತ್ತಿತ್ತೇ? ಅಲ್ಲಿ ನಿಜವಾದ ಮಾರಾಟವಿರಲಿಲ್ಲ. ಗುಂಡಿ ಒತ್ತಿದರೆ ಒಬ್ಬ ಮಹಿಳೆಯ ಮುಖ ಮೂಡಿ, ಇದು ನಿಮ್ಮ ಇಂದಿನ ಡೀಲ್ ಎನ್ನುತ್ತಿತ್ತು. ಅಂದರೆ ಕಾರ್ಡು ಉಜ್ಜಿ ನೋಡುವ ಅದೇ ಕುತೂಹಲ, ಅದೇ ಬೆರಳಿನ ಚಲನೆ. ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21 ವರ್ಷದ ವಿದ್ಯಾರ್ಥಿ, ಉತ್ತರಾಖಂಡದ 18ರ ಯುವತಿ ಇದ್ದರು. ಬೀದಿಯಲ್ಲಿ ನಿಂತು ಒಬ್ಬ ಹೆಣ್ಣುಮಗಳನ್ನು ಹರಾಜು ಕೂಗುವ ಧೈರ್ಯ ಈ ವಯಸ್ಸಿನವರಿಗೆ ಬರುತ್ತಿತ್ತೇ? ಆಟವೆಂದ ಕೂಡಲೇ ನಾಚಿಕೆ ಸತ್ತುಹೋಯಿತು.

ಬೇರೆಯವರನ್ನು ದೂರುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಟ್ವಿಟರಿನಲ್ಲಿ ಇನ್ನೊಬ್ಬರ ಮಾತನ್ನು ಒಂದೇ ಒತ್ತಿಗೆ ಹಂಚುವ ಗುಂಡಿಯನ್ನು 2009ರಲ್ಲಿ ರೂಪಿಸಿದ ತಂಡದ ಮುಖ್ಯಸ್ಥ ಕ್ರಿಸ್ ವೆದರೆಲ್ ಹತ್ತು ವರ್ಷಗಳ ಬಳಿಕ, ನಾಲ್ಕು ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಕೊಟ್ಟಂತಾಯಿತೇನೋ ಎಂಬರ್ಥದ ಮಾತನಾಡಿದರು. ಲೈಕಿನ ಎಣಿಕೆಯೂ ಅಂಕಪಟ್ಟಿಯೇ. ದ್ವೇಷ ಕಾರುವವನು ಅಂಕಕ್ಕಾಗಿ ಕಾರುತ್ತಾನೆ. ಅದಕ್ಕೆ ಕೆರಳಿ ಇನ್ನೂ ಕಠೋರವಾಗಿ ಉತ್ತರಿಸುವ ನಮ್ಮ ಹುಡುಗನೂ ತನಗೆ ಗೊತ್ತಿಲ್ಲದೆಯೇ ಅದೇ ಆಟದ ಎದುರು ತಂಡವಾಗುತ್ತಾನೆ. ಅಂಗಳದ ಒಡೆಯನಿಗೆ ಎರಡೂ ತಂಡಗಳಿಂದ ಲಾಭ.

ಹಾಗಾದರೆ ಮೊಬೈಲ್ ಒಡೆದುಹಾಕಬೇಕೇ? ಅಂಥ ಮಾತನ್ನು ನಾವು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಮಗಳು ಬೆಂಕಿಯ ಗುರುತು ಆರಿಹೋಗುತ್ತದೆಂದು ಪರೀಕ್ಷೆಯ ರಾತ್ರಿಯೂ ಚಿತ್ರ ಕಳುಹಿಸುತ್ತಿದ್ದರೆ ಮೊಬೈಲ್ ಕಿತ್ತುಕೊಳ್ಳಬೇಡಿ. ಗೆಳತಿಯ ಮನೆಗೆ ಒಂದು ಸಂಜೆ ಕರೆದುಕೊಂಡು ಹೋಗಿ. ಒಂದು ವಾರ ಎಣಿಕೆ ತಪ್ಪಿದರೂ ಗೆಳೆತನ ಉಳಿಯಿತೆಂದು ಅವಳೇ ಕಾಣಲಿ. ಮದ್ರಸಗಳಲ್ಲಿ ಹೆಚ್ಚು ಸೂರಃ ಕಂಠಪಾಠ ಮಾಡಿದವನ ಹೆಸರನ್ನು ಹಲಗೆಯ ಮೇಲೆ ಬರೆಯುವ ಪದ್ಧತಿ ಇದ್ದರೆ ಉಸ್ತಾದರು ಅದನ್ನು ಇನ್ನೊಮ್ಮೆ ಯೋಚಿಸಲಿ. ಹಲಗೆಯ ಕೊನೆಯಲ್ಲಿ ಯಾವಾಗಲೂ ಒಬ್ಬ ಹುಡುಗನ ಹೆಸರಿರುತ್ತದೆ, ಅವನೇ ಮೊದಲು ಮದ್ರಸ ಬಿಡುವವನು. ಪಾರ್ಸೆಲ್ ತಂದ ಹುಡುಗನಿಗೆ ನಕ್ಷತ್ರ ಕೊಡುವಾಗ, ಒಂದು ನಕ್ಷತ್ರ ಕಡಿಮೆಯಾದರೆ ಅವನ ಮುಂದಿನ ವಾರದ ಗಳಿಕೆಗೇ ಪೆಟ್ಟು ಬೀಳಬಹುದು ಎಂಬುದು ನೆನಪಿರಲಿ. ಮಳೆಯಲ್ಲಿ ಐದು ನಿಮಿಷ ತಡವಾದುದಕ್ಕೆ ಶಿಕ್ಷೆ ಕೊಡಬೇಡಿ.

ಜಮಾಅತ್ತಿನ ಹಿರಿಯರಲ್ಲಿ ಒಂದು ವಿನಂತಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಗಿಗ್ ಕಾರ್ಮಿಕರಿಗೆ ಇ-ಶ್ರಮ್ ನೋಂದಣಿ ಮತ್ತು ಆಯುಷ್ಮಾನ್ ಯೋಜನೆಯಡಿ ಆರೋಗ್ಯ ರಕ್ಷಣೆ ಘೋಷಿಸಲಾಯಿತು. ರಾಜ್ಯದ ಕಾಯ್ದೆಯಲ್ಲೂ ಕಾರ್ಮಿಕರ ನೋಂದಣಿಗೆ ಅವಕಾಶವಿದೆ. ಆದರೆ ದಿನಕ್ಕೆ ಹನ್ನೆರಡು ತಾಸು ಬೈಕಿನ ಮೇಲಿರುವವನಿಗೆ ಅರ್ಜಿ ತುಂಬಲು ಬಿಡುವೆಲ್ಲಿ? ಈದ್‌ಗೆ ಊರಿಗೆ ಬಂದಾಗ ಈ ಹುಡುಗರು ಎರಡು ಮೂರು ದಿನ ಇಲ್ಲಿಯೇ ಇರುತ್ತಾರೆ. ಆ ದಿನಗಳಲ್ಲಿ ಓದಿದ ಇಬ್ಬರು ಮೂವರು ಯುವಕರು ಅಸರ್ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಕುಳಿತು, ಆಧಾರ್ ಮತ್ತು ಬ್ಯಾಂಕಿನ ಪಾಸ್‌ಬುಕ್ ತಂದವರ ಹೆಸರುಗಳನ್ನು ನೋಂದಾಯಿಸಿಕೊಡಲಿ. ಹಿಂದೂ ಸಹೋದರರ ಮಕ್ಕಳೂ ಇದೇ ಕೆಲಸದಲ್ಲಿದ್ದಾರೆ, ಅವರನ್ನೂ ಕರೆಯೋಣ.